ಕಾಲ್ಚೆಂಡಾಟಗಾರನ ಮುಪ್ಪು

1966ನೆಯ ಜುಲೈ 30ರಂದು ಲಂಡನ್ನಿನ ವೆಂಬ್ಲಿ ಬಯಲಿನಲ್ಲಿ ಪಶ್ಚಿಮ ಜರ್ಮನಿಯನ್ನು 4-2ರಿಂದ ಸೋಲಿಸಿ ಜಗತ್ತಿನ ಕಾಲ್ಚೆಂಡು ಪಾರಿತೋಷಕವನ್ನು ಗೆದ್ದ ಹನ್ನೊಂದು ಮಂದಿ ಆಂಗ್ಲ ಆಟಗಾರರ ಹೆಸರನ್ನು ಆ ದೇಶದ ಹುಡುಗರೂ ಬಲ್ಲರು. ಆಟ ಬಿಟ್ಟ ಮೇಲೆ ಅವರು ಬಾಳಿದ ಬಗೆಯನ್ನು ಬಲ್ಲವರು ಕಡಮೆ. ಗೆದ್ದುದಕ್ಕಾಗಿ ತಲೆಗೆ 1,000 ಪೌಂಡು ಇನಾಮು ದೊರೆಯಿತು. ರೇ ವಿಲ್ಸನ್ನರು ಮುಂದೆ ಶವಸಂಸ್ಕಾರದ ಏರ್ಪಾಟು ಮಾಡುವ ಉದ್ಯೋಗವನ್ನು ಹಿಡಿದರು. ಪ್ರಾಮಾಣಿಕ ದುಡಿಮೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ನಾಬಿ ಸ್ಟೈಲ್ಸರು 2010ರಲ್ಲಿ ತಮ್ಮ ಪದಕಗಳನ್ನೇ ಹರಾಜಿಗಿಟ್ಟರು. ಜಗಜ್ಜಯದ ಪದಕವನ್ನು ಕೊಂಡುದು ಅವರ ಹಳೆಯ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬೇ!

ಬಡತನವನ್ನು ಹೇಗಾದರೂ ಸಹಿಸಬಹುದು. ವಿಲ್ಸನ್, ಪೀಟರ್ಸ್, ಸ್ಟೈಲ್ಸ್, ಜ್ಯಾಕ್ ಮತ್ತು ಬಾಬಿ ಚಾರ್ಲ್ಟನ್ ಸೋದರರು, ಹೀಗೆ ಹನ್ನೊಂದರಲ್ಲಿ ಐವರು ಮರೆವಿನ ರೋಗಕ್ಕೆ ತುತ್ತಾಗಿ 2018ರಿಂದ 2023ರ ಒಳಗೆ ಕಾಲವಾದರು. ಮುಪ್ಪಿನಲ್ಲಿ ಅರುಳುಮರುಳು ಯಾರಿಗೆ ತಪ್ಪೀತು ಎಂದು ವಾಚಕರು ಕೇಳಬಹುದು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಆದರೆ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪಂಡಿತರು 7,676 ಮಂದಿ ಮಾಜಿ ಸ್ಕಾಟಿಷ್ ಆಟಗಾರರ ದಾಖಲೆಗಳನ್ನು ಸಾಮಾನ್ಯ ಜನರವುಗಳೊಡನೆ ಹೋಲಿಸಿ, ಮೆದುಳು ಸವೆಯುವ ರೋಗಗಳಿಂದಾಗುವ ಮರಣವು ಆಟಗಾರರಲ್ಲಿ ಮೂರೂವರೆ ಪಟ್ಟು ಹೆಚ್ಚೆಂದು 2019ರಲ್ಲಿ ಪ್ರಕಟಿಸಿದರು. 2021ರ ಶೋಧನೆಯಲ್ಲಿ ಚೆಂಡನ್ನು ಹೆಚ್ಚಾಗಿ ಹಣೆಯಿಂದ ಹೊಡೆಯುವ ರಕ್ಷಕರಿಗೆ ಅಪಾಯವು ಅತ್ಯಧಿಕವೆಂದೂ, ಕೈಯಿಂದ ಹಿಡಿಯುವ ಗೋಲುಕಾವಲುಗಾರರಿಗೆ ಸಾಮಾನ್ಯರಷ್ಟೇ ಎಂದೂ ಕಂಡುಬಂದಿತು. ಇದನ್ನು ಬರಿಯ ಮುಪ್ಪೆನ್ನುವುದು ಹೇಗೆ?

ಇದು ಹೊಸ ಸುದ್ದಿಯೂ ಅಲ್ಲ. ತಲೆಹೊಡೆತಕ್ಕೆ ಹೆಸರಾಗಿದ್ದ ಜೆಫ್ ಆಸ್ಲ್ ಎಂಬವರು 59ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಅದು ಉದ್ಯೋಗಜನ್ಯ ರೋಗದಿಂದಾದ ಮರಣವೆಂದು ಮರಣವಿಚಾರಣಾಧಿಕಾರಿಯು 2002ರಲ್ಲಿಯೇ ತೀರ್ಪಿತ್ತಿದ್ದನು. ಆ ತೀರ್ಪಿಗೂ ಗ್ಲಾಸ್ಗೋವಿನ ಶೋಧನೆಗೂ ನಡುವೆ ಹದಿನೇಳು ವರ್ಷಗಳು ಕಳೆದವು.

ಚಾರ್ಲ್ಟನ್ನರ ತಂದೆ ಆಶಿಂಗ್ಟನ್ನಿನ ಕಲ್ಲಿದ್ದಲ ಗಣಿಯ ಕೂಲಿಗಾರ. ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟವನು ಕಾಯಿದೆಯ ಮೇರೆಗೆ ಪರಿಹಾರವನ್ನು ಹಕ್ಕಾಗಿ ಕೇಳಬಹುದು. ಬಯಲಿನಲ್ಲಿ ದುಡಿದ ಮಕ್ಕಳ ಪೀಳಿಗೆಗೋ 2023ರಲ್ಲಿ ಪ್ರೀಮಿಯರ್ ಲೀಗೂ ಆಟಗಾರರ ಸಂಘವೂ ಕೂಡಿ 10 ಲಕ್ಷ ಪೌಂಡಿನ ನಿಧಿಯೊಂದನ್ನು ತೆರೆದುವು. ಇದು ದೊಡ್ಡ ಕ್ಲಬ್ಬಿನ ಹೆಸರಾಂತ ಆಟಗಾರನೊಬ್ಬನ ಕೆಲವೇ ವಾರಗಳ ಸಂಬಳ. ಕೊಟ್ಟುದನ್ನು ನಾವು ಹಳಿಯುವುದಿಲ್ಲ. ಸಂಸಾರಗಳಿಗೆ ಅಷ್ಟಾದರೂ ಒದಗಿತು. ಆದರೆ ಕೂಲಿಯ ಬಾಕಿಯನ್ನು ಧರ್ಮವೆಂದು ಕರೆದು, ಬೇಡಿದವನ ಕೈಗೆ ಅಳೆದು ಹಾಕುವುದು ನ್ಯಾಯವಲ್ಲ. ಎಳೆಯರಿಗೆ ಅಭ್ಯಾಸದಲ್ಲಿ ತಲೆಹೊಡೆತ ಕೂಡದೆಂದು 2020ರಲ್ಲಿಯೂ, ದೊಡ್ಡವರಿಗೆ ವಾರಕ್ಕೆ ಹತ್ತೇ ಬಲವಾದ ಹೊಡೆತಗಳೆಂದು 2021ರಲ್ಲಿಯೂ ಆಂಗ್ಲ ಫುಟ್‌ಬಾಲ್ ಸಂಘವೇ ವಿಧಿಸಿತಲ್ಲ? ಅಪಾಯವನ್ನು ಇಷ್ಟರಮಟ್ಟಿಗೆ ಒಪ್ಪಿದವರು, ಆಟದ ಪ್ರಸಾರದಿಂದ ಬರುವ ಆದಾಯದಲ್ಲಿ ಒಂದು ಭಾಗವನ್ನು ಹಳೆಯ ಆಟಗಾರರ ಶುಶ್ರೂಷೆಗಾಗಿ ಕಾಯಿದೆಯಿಂದಲೇ ಕಟ್ಟಿಡಲು ಒಪ್ಪಬೇಕು.