ಶಾಲೆಯ ಹೊಸ್ತಿಲೂ ಹಿರಿಯರ ಹೊಣೆಯೂ

ಜೂನ ತಿಂಗಳ ಮೊದಲ ವಾರ. ಬೇಡಕಿಹಾಳದಂಥ ಒಂದು ಊರಿನ ಸರಕಾರಿ ಪ್ರಾಥಮಿಕ ಶಾಲೆಯ ಹೊಸ್ತಿಲಲ್ಲಿ ಒಬ್ಬ ತಾಯಿ ನಿಂತಿರುವಳೆಂದು ವಾಚಕರು ಭಾವಿಸಬೇಕು. ಅವಳ ಕೈಹಿಡಿದ ಹುಡುಗನು ಒಂದು ಕಾಲನ್ನು ಎಳೆದು ನಡೆಯುತ್ತಾನೆ, ಮಾತೂ ತೊದಲು. "ಗುರುಗಳೇ, ಇವನನ್ನ ಸಾಲಿಗೆ ಹಚ್ಚಿಕೊಳ್ರಿ" ಎಂದು ತಾಯಿ ಕೇಳುತ್ತಾಳೆ. ಆಗ ಮುಖ್ಯಾಧ್ಯಾಪಕರು ತಲೆಯೆತ್ತಿ ಆಡುವ ಮೊದಲ ಮಾತು ಯಾವದು? "ಬಾರಪ್ಪಾ, ನಿನ್ನ ಹೆಸರೇನು?" ಎಂದು ಹುಡುಗನನ್ನೇ ಕೇಳುವರೋ, ಅಥವಾ "ಮುಂದಿನ ವಾರ ಬಾರವ್ವಾ, ನೋಡೋಣು" ಎಂದು ತಾಯಿಯನ್ನು ಸಾಗಹಾಕುವರೋ? ಆ ಮುಂದಿನ ವಾರವು ಅನೇಕ ಮಕ್ಕಳ ಪಾಲಿಗೆ ಎಂದೂ ಬರುವದಿಲ್ಲವೆಂಬುದು ಶಾಲೆಯ ಬಲ್ಲವರಿಗೆಲ್ಲ ತಿಳಿದ ಸಂಗತಿ.

ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಶಿಕ್ಷಣಕ್ಕೆ ಇಂದು 'ಸಮನ್ವಯ ಶಿಕ್ಷಣ'ವೆಂಬ ಹೆಸರು ರೂಢವಾಗಿದೆ. ಈ ಬಗೆಯ ಶಾಲೆಯು ಕಟ್ಟಡದಿಂದ ಆಗುವದಿಲ್ಲ, ಸುತ್ತೋಲೆಯಿಂದಲೂ ಆಗುವದಿಲ್ಲ. ಹಿರಿಯರ ಮನಸ್ಸಿನಿಂದ ಆಗುವದು ಎಂಬುದೇ ಈ ಲೇಖನದಲ್ಲಿ ನಾವು ಹೇಳತಕ್ಕ ಮಾತು. ಹಿರಿಯರೆಂದರೆ ಮೊದಲು ಮುಖ್ಯಾಧ್ಯಾಪಕರು. ಅವರ ಬೆನ್ನಿಗೆ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು. ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳು. ಸುತ್ತಲೂ ಊರ ದೈವ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಯಲ್ಲಿ ಶಾಲೆಯ ಹೊರಗುಳಿಯಬಹುದಾದ ಮಕ್ಕಳು ಒಂದೇ ಬಗೆಯವರಲ್ಲ. ಕಣ್ಣು ಕಾಣದ, ಕಿವಿ ಕೇಳದ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳು ಎಲ್ಲ ಊರುಗಳಲ್ಲಿಯೂ ಇರುವಂತೆ ಇಲ್ಲಿಯೂ ಇದ್ದಾರೆ. ಇವರಲ್ಲದೆ ದೀಪಾವಳಿಯ ಸುಮಾರಿಗೆ ಕಬ್ಬಿನ ಹಂಗಾಮು ಹತ್ತಿತೆಂದರೆ ಬೀಡ ಮೊದಲಾದ ಜಿಲ್ಲೆಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಹೊಲದಂಚಿನ ಗುಡಿಸಲುಗಳಲ್ಲಿ ಚಿಕ್ಕ ಕೂಸನ್ನು ಕಾಯುತ್ತ ಕೂತಿರುವ ಏಳೆಂಟು ವರ್ಷದ ಹುಡುಗಿಯರನ್ನು ಯಾರು ಕಂಡಿಲ್ಲ? ತಂಬಾಕಿನ ವಖಾರಿಗೆ ದುಡಿಯಹೋಗುವ ತಾಯಂದಿರ ಮಕ್ಕಳುಂಟು. 1982ರ ಕಾಯದೆಯು ದೇವದಾಸಿ ಬಿಡುವದನ್ನು ನಿಷೇಧಿಸಿದ್ದರೂ, ಆ ಕಟ್ಟಳೆಗೆ ಬಲಿಯಾದ ಹೆಂಗಸರ ಮನೆಯ ಮಗುವು ದಾಖಲೆಯ ಪುಸ್ತಕದಲ್ಲಿ 'ತಂದೆಯ ಹೆಸರು' ಎಂಬ ಕಾಲಂ ಬಂದಾಗ ತಲೆ ತಗ್ಗಿಸುವದುಂಟು. ಮನೆಯಲ್ಲಿ ಮರಾಠಿಯನ್ನಾಡಿ ಕನ್ನಡ ಶಾಲೆಗೆ ಬರುವ ಮಗುವುಂಟು. ಇವರೆಲ್ಲರೂ ಆ ಹೊಸ್ತಿಲಲ್ಲಿ ನಿಲ್ಲುವವರೇ.

ಇದು ಇಂದಿನ ಪ್ರಶ್ನೆಯಲ್ಲ. ಕನ್ನಡಿಗರು ನೆನೆದು ನಾಚಬೇಕಾದ ಸಂಗತಿಯೊಂದು ನಮ್ಮ ಧಾರವಾಡದಲ್ಲಿಯೇ ನಡೆದಿದೆ. 1856ರಲ್ಲಿ ಮಹಾರ ಜಾತಿಯ ಹುಡುಗನೊಬ್ಬನು ಧಾರವಾಡದ ಸರಕಾರಿ ಶಾಲೆಗೆ ಸೇರಲು ಹೋದನು. ಅವನನ್ನು ಸೇರಿಸಿಕೊಳ್ಳಲಿಲ್ಲ. ಹುಡುಗನು ಎದೆಗುಂದದೆ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದುಕೊಂಡನು. ಒಬ್ಬನಿಗಾಗಿ ಒತ್ತಾಯ ಮಾಡಿದರೆ ಉಳಿದವರೆಲ್ಲ ಶಾಲೆಯನ್ನೇ ಬಿಟ್ಟುಹೋದಾರು ಎಂಬ ಭಯದಿಂದ ಸರಕಾರವು ಅವನ ಪರವಾಗಿ ಕೈಹಾಕಲಿಲ್ಲ. 1857ರಲ್ಲಿ ಹಿಂದುಸ್ತಾನ ಸರಕಾರವು ಈ ನಿರ್ಣಯಕ್ಕೆ ಅಸಮ್ಮತಿ ಸೂಚಿಸಿತು. 1858ರಲ್ಲಿ ವಿಲಾಯತಿಯ ಡೈರೆಕ್ಟರರ ಮಂಡಲಿಯು ಸರಕಾರದ ಖರ್ಚಿನಿಂದ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ವವನ್ನು ಸಾರಿತು. 1928ರಲ್ಲಿ ಸಾಯಮನ್ ಕಮಿಶನ್ನಿಗೆ ಸಲ್ಲಿಸಿದ ಹೇಳಿಕೆಯಲ್ಲಿ ಡಾ. ಅಂಬೇಡಕರರು ಈ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ.

ಈ ಕಥೆಯಿಂದ ನಾವು ಕಲಿಯಬೇಕಾದುದೇನು? ತತ್ವವು ಹೊರಬಿತ್ತು, ಆದರೆ ಎರಡು ವರ್ಷಗಳ ಮೇಲೆ ಹೊರಬಿತ್ತು. ಬೆಳೆಯುವ ಹುಡುಗನಿಗೆ ಎರಡು ವರ್ಷವೆಂದರೆ ಎರಡು ಇಯತ್ತೆ. ಧಾರವಾಡದಿಂದ ಮುಂಬಯಿಗೆ, ಮುಂಬಯಿಯಿಂದ ಕಲಕತ್ತೆಗೆ, ಅಲ್ಲಿಂದ ಲಂಡನ್ನಿಗೆ ಕಾಗದಗಳು ಪ್ರವಾಸ ಮಾಡುತ್ತಿರುವಾಗ ಹುಡುಗನು ಶಾಲೆಯ ಹೊರಗೆಯೇ ಇದ್ದನು. ಸ್ಥಳದಲ್ಲಿದ್ದ ಹಿರಿಯರು ಅಂದೇ "ಒಳಗೆ ಬಾ" ಎಂದಿದ್ದರೆ ಲಂಡನ್ನಿನ ಅಪ್ಪಣೆಯ ಗರಜೇ ಇರಲಿಲ್ಲ. ಮೇಲಿನವರು ಬರೆಯುವ ನ್ಯಾಯವು ತಡವಾಗಿ ಬರುವದು. ಹೊಸ್ತಿಲಲ್ಲಿರುವವನು ಮಾಡುವ ನ್ಯಾಯವು ಮಾತ್ರವೇ ಮಗುವಿನ ವಯಸ್ಸು ಮೀರುವದರೊಳಗೆ ಮುಟ್ಟುವದು.

ಇದಕ್ಕೆ ಎದುರಾದ ಉದಾಹರಣೆಯೂ ಬೇಡಕಿಹಾಳಕ್ಕೆ ದೂರದ್ದಲ್ಲ. ನೆರೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು; 1919ರಲ್ಲಿ ಅಸ್ಪೃಶ್ಯರ ಮಕ್ಕಳಿಗೆಂದು ಇದ್ದ ಬೇರೆ ಶಾಲೆಗಳನ್ನು ಮುಚ್ಚಿ ಆ ಮಕ್ಕಳು ಎಲ್ಲರೊಡನೆ ಸಾರ್ವಜನಿಕ ಶಾಲೆಯಲ್ಲಿಯೇ ಕೂಡಬೇಕೆಂದು ಅಪ್ಪಣೆ ಕೊಟ್ಟರು. ಬೇರೆ ಶಾಲೆಯನ್ನು ತೆರೆಯುವದು ದಯೆ. ಒಂದೇ ಶಾಲೆಯಲ್ಲಿ ಕೂಡಿಸುವದು ನ್ಯಾಯ. ಈ ಭೇದವನ್ನು ತಿಳಿದ ಹಿರಿಯನು ಗದ್ದುಗೆಯ ಮೇಲೆ ಇದ್ದುದರಿಂದ ಅದು ಸಾಧ್ಯವಾಯಿತು. ಇಂದು ಸಂಸ್ಥಾನಗಳಿಲ್ಲ, ಮಹಾರಾಜರೂ ಇಲ್ಲ. ಆ ಗದ್ದುಗೆಯು ಈಗ ಮುಖ್ಯಾಧ್ಯಾಪಕರ ಖುರ್ಚಿಗೆ ಇಳಿದು ಬಂದಿದೆ.

ಕಾಯದೆಯ ಕೊರತೆಯಿದೆಯೇ ಎಂದರೆ, ಇಲ್ಲ. 2010ರ ಏಪ್ರಿಲ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯದೆಯಂತೆ ವಯಸ್ಸಿನ ದಾಖಲೆಯಿಲ್ಲವೆಂದು ಮಗುವನ್ನು ಹೊರಗಿಡುವಂತಿಲ್ಲ. ವರ್ಗಾವಣೆಯ ಪತ್ರ ಬರಲು ತಡವಾಯಿತೆಂದು ಪ್ರವೇಶವನ್ನು ತಡೆಯುವಂತಿಲ್ಲ. ಪ್ರವೇಶದ ಅವಧಿ ಮುಗಿಯಿತೆಂದು ಮರಳಿ ಕಳಿಸುವಂತಿಲ್ಲ. ಕಬ್ಬಿನ ಗ್ಯಾಂಗಿನ ಮಗು ನವಂಬರದಲ್ಲಿ ಬಂದರೂ ಅದರ ಹಕ್ಕು ಜೂನಿನಲ್ಲಿ ಬಂದ ಮಗುವಿನಷ್ಟೇ ಗಟ್ಟಿಯಾದದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯದೆಯು 21 ಬಗೆಯ ನ್ಯೂನತೆಗಳನ್ನು ಹೆಸರಿಸಿ, ಆ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು ಉಳಿದವರೊಡನೆ ಕಲಿಸಬೇಕೆಂದು ವಿಧಿಸಿದೆ. ಆದರೆ ಕಾಯದೆಯು ಮಗುವಿನ ಕೈಹಿಡಿದು ಒಳಗೆ ಕರೆತರಲಾರದು. ಆ ಕೈ ಹಿರಿಯರದು.

ಹಾಗಾದರೆ ಮುಖ್ಯಾಧ್ಯಾಪಕರು ಮಾಡತಕ್ಕದ್ದೇನು? ಮೊದಲನೆಯದು, ಹೆಸರನ್ನು ಅಂದೇ ಬರೆದುಕೊಳ್ಳುವದು. ಕಾಗದಗಳು ಹಿಂದಿನಿಂದ ಬರಲಿ. ಎರಡನೆಯದು, ಮಗುವಿಗೆ ಜಾಗ ತೋರಿಸುವದು. ನಡೆಯಲಾರದ ಮಗುವಿನ ಇಯತ್ತೆಯು ಮೆಟ್ಟಿಲ ಮೇಲಿನ ಕೋಣೆಯಲ್ಲಿದ್ದರೆ ಕೋಣೆಯನ್ನು ಬದಲಿಸಬೇಕಲ್ಲದೆ ಮಗುವನ್ನು ಮನೆಗೆ ಕಳಿಸಬಾರದು. ಬಾಗಿಲಿಗೆ ಇಳಿಜಾರು ಹಾದಿಯನ್ನು ಕಟ್ಟಿಸಿ, ಶೌಚಾಲಯದ ಮುಂದೆ ಮೊಳದೆತ್ತರದ ಕಟ್ಟೆಯನ್ನು ಹಾಗೆಯೇ ಉಳಿಸಿದ ಶಾಲೆಯು ಕಾಯದೆಯನ್ನು ಪಾಲಿಸಿದೆ, ಮಗುವನ್ನು ಪಾಲಿಸಿಲ್ಲ.

ಮೂರನೆಯದು ನಾಲಗೆಯ ಕೆಲಸ. ಮಕ್ಕಳು ಒಬ್ಬನನ್ನು ಅವನ ಊನದಿಂದಲೇ ಕೂಗಲು ತೊಡಗುವದು ಎಲ್ಲ ಶಾಲೆಗಳಲ್ಲಿಯೂ ಉಂಟು; ಆದರೆ ಅದನ್ನು ಕೇಳಿ ಮಾಸ್ತರರು ನಕ್ಕರೋ, ಅದೇ ಅವನ ಹೆಸರಾಗಿ ನಿಂತಿತು. ಮುಖ್ಯಾಧ್ಯಾಪಕರು ಪ್ರಾರ್ಥನೆಯ ಹೊತ್ತಿಗೆ ಅವನ ನಿಜವಾದ ಹೆಸರನ್ನು ಗೌರವದಿಂದ ಕರೆದು ಒಂದು ಕೆಲಸವನ್ನು ಒಪ್ಪಿಸಿದರೆ ಅಡ್ಡಹೆಸರು ತಾನಾಗಿ ಸಾಯುವದು. ನಾಲ್ಕನೆಯದು ಪಾಟಿಯನ್ನು ನೋಡುವದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಕೋಣೆಯ ಮೂಲೆಯಲ್ಲಿ ದಿನವಿಡೀ ಸುಮ್ಮನೆ ಕೂತು, ಊಟ ಮಾಡಿ ಮನೆಗೆ ಹೋಗುವ ಮಗುವು ಶಾಲೆಯ ಒಳಗಿದ್ದೂ ಹೊರಗಿರುವದು. ಮುಖ್ಯಾಧ್ಯಾಪಕರು ವಾರಕ್ಕೊಮ್ಮೆ ಆ ಕೋಣೆಗೆ ಹೋಗಿ "ಇವನು ಈ ವಾರ ಏನು ಕಲಿತ?" ಎಂದು ಕೇಳುವ ಪರಿಪಾಠವನ್ನಿಟ್ಟರೆ ವರ್ಗದ ಮಾಸ್ತರರು ತಾವಾಗಿಯೇ ಅವನತ್ತ ತಿರುಗುವರು. ತಾಲೂಕಿಗೆ ನೇಮಕವಾದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಎಂದೋ ಒಂದು ದಿನ ಬರುವವರು. ಮಗುವನ್ನು ಅವರಿಗೆ ಒಪ್ಪಿಸಿ ಕೈತೊಳೆದುಕೊಳ್ಳದೆ, ಅವರ ಹತ್ತಿರ ವರ್ಗದ ಮಾಸ್ತರರನ್ನೇ ಕೂಡಿಸಿ ಕೆಲಸವನ್ನು ಕಲಿಯುವಂತೆ ಮಾಡಬೇಕು.

ಇಲ್ಲಿ ಒಂದು ಆಕ್ಷೇಪವನ್ನು ನಾವು ಆಗಾಗ ಕೇಳುತ್ತೇವೆ: "ಇಂಥ ಮಕ್ಕಳನ್ನು ಕೂಡಿಸಿದರೆ ಉಳಿದವರ ಅಭ್ಯಾಸ ಕೆಡುವದಿಲ್ಲವೇ?" ಧಾರವಾಡದ ಹುಡುಗನಿಗೆ ಹೇಳಿದ ಕಾರಣದ ಧಾಟಿಯೂ ಇದೇ ಆಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಉತ್ತರವನ್ನು ನಮ್ಮ ನಾಡಿನ ಶಾಲೆಗಳೇ ಕೊಟ್ಟಿವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿದ 'ನಲಿ-ಕಲಿ' ಪದ್ಧತಿಯಲ್ಲಿ ಒಂದರಿಂದ ಮೂರನೆಯ ಇಯತ್ತೆಯ ಮಕ್ಕಳು ಕೂಡಿಯೇ ಕೂತು, ಪ್ರತಿಯೊಬ್ಬನೂ ತನ್ನ ತನ್ನ ನಡಿಗೆಯಿಂದ ಮೆಟ್ಟಿಲೇರುವ ವ್ಯವಸ್ಥೆಯಿದೆ. ಎಲ್ಲರೂ ಒಂದೇ ದಿನ ಒಂದೇ ಪಾಠವನ್ನು ಮುಗಿಸಬೇಕೆಂಬ ಹಟವನ್ನು ಬಿಟ್ಟರೆ ನಿಧಾನದ ಮಗು ಯಾರ ದಾರಿಗೂ ಅಡ್ಡವಾಗುವದಿಲ್ಲ. ಗೆಳೆಯನೊಬ್ಬನ ಚೀಲವನ್ನು ಹೊತ್ತು ನಡೆದ ಹುಡುಗನು ಕಲಿತ ಪಾಠವು ಯಾವ ಪುಸ್ತಕದಲ್ಲಿಯೂ ಇಲ್ಲವೆಂಬ ಮಾತು ಬೇರೆ.

ಇನ್ನೊಂದು ಆಕ್ಷೇಪವು ಮುಖ್ಯಾಧ್ಯಾಪಕರದೇ, ಮತ್ತು ಅದು ನ್ಯಾಯವಾದುದು. "ಇದನ್ನೆಲ್ಲ ಮಾಡಲು ನಮಗೆ ಹೊತ್ತೆಲ್ಲಿದೆ?" ಎಂದು ಅವರು ಕೇಳುತ್ತಾರೆ. ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ, ಹಾಲಿನ ಲೆಕ್ಕ, ಗಣಕಯಂತ್ರಕ್ಕೆ ತುಂಬಬೇಕಾದ ಮಾಹಿತಿ, ಮೇಲಿಂದ ಮೇಲೆ ಸಭೆಗಳು. ಇವುಗಳಲ್ಲಿ ದಿನವೇ ಸರಿದುಹೋಗುವದು. ಅದೇ ಕಾಯದೆಯಂತೆ ಒಂದರಿಂದ ಐದನೆಯ ಇಯತ್ತೆಯ ವರೆಗಿನ ಶಾಲೆಗೆ ಬೇರೆಯಾಗಿ ಮುಖ್ಯಾಧ್ಯಾಪಕರು ದೊರೆಯುವದು 150 ಮಕ್ಕಳನ್ನು ಮೀರಿದಾಗ ಮಾತ್ರ. ಚಿಕ್ಕ ಶಾಲೆಗಳಲ್ಲಿ ಒಬ್ಬ ಮಾಸ್ತರರೇ ಪಾಠವನ್ನೂ ಪ್ರಭಾರವನ್ನೂ ಹೊತ್ತು ಏಗಬೇಕು. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವುಗಳ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಕಾಯದೆಯಲ್ಲಿಯೇ ಬರೆದಿದೆ. ಆ ಮಿತಿಯೊಳಗಿನ ಭಾರವೇ ಅವರಿಗೆ ಹಗುರವಾದುದಲ್ಲ. ಆದುದರಿಂದ ಖಾತೆಯ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೇ: ಶಾಲೆಯ ತಪಾಸಣೆಗೆ ಬಂದಾಗ ಲೆಕ್ಕದ ಪುಸ್ತಕವನ್ನು ಕೇಳುವ ಮೊದಲು ಹಿಂದುಳಿದ ಮೂರು ಮಕ್ಕಳನ್ನು ಕೇಳಿರಿ. ಮೇಲಿನವರು ಯಾವುದನ್ನು ಮೊದಲು ಕೇಳುವರೋ ಕೆಳಗಿನವರು ಅದನ್ನೇ ಮೊದಲು ಮಾಡುವರು. ಮುಖ್ಯಾಧ್ಯಾಪಕರ ತೆರವಾದ ಸ್ಥಾನಗಳನ್ನು ತುಂಬಿರಿ. ಬರವಣಿಗೆಯ ಕೆಲಸಕ್ಕೆ ಹಲವು ಶಾಲೆಗಳಿಗೆ ಕೂಡಿ ಒಬ್ಬ ಕಾರಕೂನನನ್ನಾದರೂ ಕೊಡಿರಿ.

ಊರ ಹಿರಿಯರು ಈ ಹೊಣೆಯಿಂದ ಹೊರತಲ್ಲ. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದವರಿಗೆ ತಕ್ಕ ಪಾಲಿರಬೇಕು ಎಂದು ಕಾಯದೆಯು ಹೇಳುವದು. ಆದರೆ ಕಾಲಿಲ್ಲದ ಮಗುವಿನ ತಾಯಿಯನ್ನು ಸಭೆಗೆ ಕರೆದು ಖುರ್ಚಿ ಕೊಟ್ಟು ಮಾತನಾಡಿಸಿದ ಸಮಿತಿಗಳೆಷ್ಟು? ಯಾರಾದರೂ ಬಂದು "ಆ ಮಗುವನ್ನು ನಮ್ಮ ಮಗನ ಹತ್ತಿರ ಕೂಡಿಸಬೇಡಿರಿ" ಎಂದಾಗ ಮುಖ್ಯಾಧ್ಯಾಪಕರೊಬ್ಬರೇ ಉತ್ತರ ಹೇಳಬೇಕಾದರೆ ಅವರು ಅಳುಕುವದು ಸಹಜ. ಆಗ ಊರಿನ ನಾಲ್ವರು ಹಿರಿಯರು "ಶಾಲೆ ಊರದು, ಮಗುವೂ ಊರದು" ಎಂದು ಅವರ ಪಕ್ಕಕ್ಕೆ ನಿಂತರೆ ಮಾತು ಅಲ್ಲಿಗೆ ಮುಗಿಯುವದು. ದಲಿತರ ಹಕ್ಕುಗಳಿಗಾಗಿ 1925ರಲ್ಲಿ ನಿಪ್ಪಾಣಿಯಲ್ಲಿ ಕೂಡಿದ ಪರಿಷತ್ತಿಗೆ ಡಾ. ಅಂಬೇಡಕರರು ಬಂದಿದ್ದರು. ಅಂಥವರ ಧ್ವನಿಯನ್ನು ಕೇಳಿದ ಸೀಮೆಯ ಹಿರಿಯರಿಗೆ ಇಷ್ಟು ಧೈರ್ಯವು ಹೆಚ್ಚಿನದಲ್ಲ.

ಕೊನೆಗೆ ಭಾಷೆಯ ಮಾತು. ಗಡಿನಾಡಿನಲ್ಲಿ ಕನ್ನಡದ ಅಭಿಮಾನಿಗಳಾದ ನಾವು ಇದನ್ನು ಆಡದೆ ಬಿಡುವಂತಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಕನ್ನಡ ಮಕ್ಕಳು ತಿಳಿಯದ ಮರಾಠಿಯಲ್ಲಿ ಅಕ್ಷರ ಕಲಿಯಬೇಕಾಗಿತ್ತು. ಆಗ ಶಿಕ್ಷಣ ಖಾತೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆಗಳನ್ನು ತರಲು ದುಡಿದು 1881ರಲ್ಲಿ ತೀರಿಕೊಂಡರು. ಒಬ್ಬ ಹಿರಿಯ ಅಧಿಕಾರಿಯ ಮನಸ್ಸು ಏನು ಮಾಡಬಲ್ಲುದೆಂಬುದಕ್ಕೆ ಕನ್ನಡಿಗರಿಗೆ ಬೇರೆ ಸಾಕ್ಷಿ ಬೇಕಿಲ್ಲ. ತಿಳಿಯದ ಭಾಷೆಯ ಶಾಲೆಯಲ್ಲಿ ಮಂಕಾಗಿ ಕೂತ ಮಗುವಿನ ದುಃಖವನ್ನು ಉಂಡವರು ನಾವು. ಅದನ್ನು ಇನ್ನೊಬ್ಬರ ಮಗುವಿಗೆ ಉಣಿಸುವದು ನಮಗೆ ತರವಲ್ಲ. ಮರಾಠಿಯನ್ನಾಡುವ ಮಗು ನಮ್ಮ ಶಾಲೆಗೆ ಬಂದರೆ ಮೊದಲ ಕೆಲವು ತಿಂಗಳು ಅದರ ಮಾತಿನಲ್ಲಿಯೇ ಅದನ್ನು ಕರೆದು, ಮೆಲ್ಲನೆ ಕನ್ನಡಕ್ಕೆ ತರಬೇಕು. ಹಾಗೆ ಬಂದ ಕನ್ನಡವು ಪ್ರೀತಿಯಿಂದ ಬಂದುದಾದ್ದರಿಂದ ಉಳಿಯುವದು.

1956ರ ನವಂಬರ 1ರಂದು ನಾಡು ಒಂದಾಯಿತು. ಹರಿದು ಹಂಚಿದ್ದ ಜಿಲ್ಲೆಗಳು ಕೂಡಿದವು. ಆದರೆ ಊರಿನ ಶಾಲೆಯ ಹೊರಗೆ ಒಂದು ಮಗು ನಿಂತಿರುವ ವರೆಗೆ ಆ ಊರಿನ ಮಟ್ಟಿಗೆ ಏಕೀಕರಣವು ಮುಗಿದಿಲ್ಲವೆಂದೇ ನಾವು ತಿಳಿಯುತ್ತೇವೆ. ಈ ಲೇಖನವನ್ನು ಓದುವವರಲ್ಲಿ ಮಾಸ್ತರರಿದ್ದೀರಿ, ಸಮಿತಿಯವರಿದ್ದೀರಿ, ಊರಲ್ಲಿ ನಾಲ್ಕು ಜನ ಮಾತು ಕೇಳುವಂಥವರಿದ್ದೀರಿ. ಬರುವ ಜೂನಿನಲ್ಲಿ ಆ ತಾಯಿ ಬಂದೇ ಬರುವಳು. ಅವಳಿಗೆ "ಮುಂದಿನ ವಾರ" ಎಂದು ಹೇಳಬೇಡಿರಿ. ಹುಡುಗನ ಹೆಸರನ್ನು ಕೇಳಿರಿ.