ಕಾಯವನ್ನು ಮರೆತ ಕಾಯಕ

ಕನ್ನಡ ನಾಡಿನ ಎಷ್ಟೋ ಹಳ್ಳಿಗಳಲ್ಲಿ ರೈತರು ಸೋಮವಾರದ ದಿನ ಎತ್ತಿನ ಹೆಗಲಿಗೆ ನೊಗವಿಡರು. ಬಿತ್ತನೆಯ ಹದ ಕೈತಪ್ಪೀತೆಂಬ ಆತಂಕವಿದ್ದರೂ, ಇದು ಬಸವಣ್ಣನ ವಾರವೆಂದು ಎತ್ತುಗಳಿಗೆ ಮೈತೊಳೆದು, ಮೇವು ಹಾಕಿ, ಕೊಟ್ಟಿಗೆಯಲ್ಲಿ ವಿಶ್ರಮಿಸಲು ಬಿಡುವರು. ಕಾರಹುಣ್ಣಿಮೆ ಬಂದಿತೆಂದರೆ ಅವುಗಳ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬಾಯಿಗೆ ಹೋಳಿಗೆ. ದುಡಿಯುವ ಜೀವಕ್ಕೆ ದಣಿವುಂಟು, ದಣಿದ ಜೀವಕ್ಕೆ ಬಿಡುವು ಬೇಕು, ಬಿಡುವಿನ ಜೊತೆಗೆ ಒಂದಿಷ್ಟು ಮನ್ನಣೆಯೂ ಬೇಕು ಎಂಬ ತತ್ತ್ವವನ್ನು ಅಕ್ಷರವರಿಯದ ರೈತನು ಯಾವ ಗ್ರಂಥದ ನೆರವೂ ಇಲ್ಲದೆ ಕಂಡುಕೊಂಡಿದ್ದನು.

ಅಜ್ಜಂಪುರದವರಿಗೆ ಈ ಮಾತು ಹೊಸದಲ್ಲ. ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿರುವ ಊರಿದು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಾಗಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆದ ಆ ಇಲಾಖೆಯು, ಸೈನ್ಯದ ಸರಂಜಾಮನ್ನು ಎಳೆಯುವ ಎತ್ತುಗಳಿಗಾಗಿ ವಿಶಾಲವಾದ ಕಾವಲುಗಳನ್ನು ಮೀಸಲಿರಿಸಿತ್ತು. ಬೇಸಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಮತ್ತೊಂದು ಎಂದು ಋತುಮಾನವನ್ನರಿತು ಹುಲ್ಲನ್ನೂ ನೀರನ್ನೂ ಒದಗಿಸಲಾಗುತ್ತಿತ್ತು. ದೂರದ ದಾರಿಯನ್ನು ವೇಗವಾಗಿ ಕ್ರಮಿಸುವ ಆ ಎತ್ತುಗಳ ಕಸುವು ಚಾಟಿಯಿಂದ ಬಂದುದಲ್ಲ, ಕಾವಲಿನಿಂದ ಬಂದುದು. ದುಡಿಸಿಕೊಳ್ಳುವ ಮೊದಲು ಸಾಕಬೇಕೆಂಬ ವಿವೇಕ ಅಂದಿನ ಆಡಳಿತಕ್ಕಿತ್ತು.

ಎತ್ತಿಗೆ ಸಂದ ಈ ವಿವೇಕವು ಮನುಷ್ಯನಿಗೂ ಸಂದಿದೆಯೆ ಎಂಬುದು ವಿಚಾರಣೀಯವಾದ ಪ್ರಶ್ನೆ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರವು ಇಂದು ತಾನೇ ಒಂದು ತಾಲ್ಲೂಕಿನ ಕೇಂದ್ರ. ಕಚೇರಿ, ಬ್ಯಾಂಕು, ಅಂಗಡಿ, ಆಸ್ಪತ್ರೆ, ಶಾಲೆಗಳಲ್ಲಿ ಸಂಬಳಕ್ಕೆ ದುಡಿಯುವವರ ಸಂಖ್ಯೆ ಬೆಳೆಯುತ್ತಿದೆ. ಹೊಲದ ದುಡಿಮೆಗಾರನು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿಯಾನು. ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಸೀರೆ ಬಿಡಿಸಿ ತೋರಿಸುವ ಹೆಣ್ಣುಮಗಳಿಗೆ ಆ ನೆರಳೂ ಇಲ್ಲ. ಈರುಳ್ಳಿಯ ಕಾಲದಲ್ಲಿ ಚೀಲದ ಮೇಲೆ ಚೀಲ ಹೊರುವ ಹಮಾಲನ ಬೆನ್ನು, ಇರುಳಿನಲ್ಲಿ ರೈಲುಹಳಿಯ ಗುಂಟ ಲಾಟೀನು ಹಿಡಿದು ನಡೆಯುವವನ ನಿದ್ದೆ, ದಿನವಿಡೀ ಬಸ್ಸಿನ ಕುಲುಕಾಟದಲ್ಲಿ ನಿಲ್ಲುವ ನಿರ್ವಾಹಕನ ಮಂಡಿ, ಅರವತ್ತು ಮಕ್ಕಳ ತರಗತಿಯಲ್ಲಿ ಕೂಗಿ ಕೂಗಿ ಒಡೆದ ಉಪಾಧ್ಯಾಯರ ಗಂಟಲು ಇವು ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಇಂತಹ ಪ್ರಸಂಗದಲ್ಲಿ ‘ಕಾಯಕ’ ಎಂಬ ಮಾತು ಸಹಜವಾಗಿಯೇ ನೆನಪಿಗೆ ಬರುತ್ತದೆ. ಸಭೆಗಳಲ್ಲಿ, ಸಂಸ್ಥೆಗಳ ಗೋಡೆಗಳ ಮೇಲೆ, ಬೀಳ್ಕೊಡುಗೆಯ ಭಾಷಣಗಳಲ್ಲಿ ಈ ಪದವು ಬಹಳವಾಗಿ ಬಳಕೆಯಾಗುತ್ತಿದೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಮೇಲಿನವರು ಕೆಳಗಿನವರಿಗೆ ಹೇಳುವ ಮಾತಾಗಿಯೇ ಉಳಿದಿದೆ. ಇನ್ನಷ್ಟು ದುಡಿಯಿರಿ, ಗಡಿಯಾರ ನೋಡಬೇಡಿರಿ, ಪ್ರತಿಫಲ ಕೇಳಬೇಡಿರಿ ಎಂಬ ಉಪದೇಶಕ್ಕೆ ಕಾಯಕತತ್ತ್ವವನ್ನು ಹೊದಿಕೆಯಾಗಿ ಹೊದಿಸಲಾಗುತ್ತದೆ. ಶರಣರ ಆಶಯಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಬೇರೊಂದಿಲ್ಲ.

ಪದದ ಒಡಲನ್ನೇ ನೋಡಬಹುದು. ಕಾಯದಿಂದ ಆಗುವುದು ಕಾಯಕ. ಕಾಯವೆಂದರೆ ಶರೀರ. ದುಡಿಮೆಯನ್ನು ಹೆಸರಿಸುವ ಮಾತಿನೊಳಗೇ ದುಡಿಯುವ ದೇಹವೂ ಕುಳಿತಿದೆ. ಆ ಕಾಯವನ್ನು ಕುಗ್ಗಿಸಿ, ಕಾಯಿಲೆಗೀಡುಮಾಡಿ, ಅದರಿಂದ ಹಿಂಡಿ ತೆಗೆದ ದುಡಿಮೆಯು ಕಾಯಕವೆಂಬ ಹೆಸರಿಗೆ ಅರ್ಹವಾಗಲಾರದು. ದೇಹವನ್ನೇ ದೇಗುಲವೆಂದು ಬಗೆದ ಪರಂಪರೆಗೆ ಸೇರಿದವರು ಆ ದೇಗುಲದ ಗೋಡೆ ಬಿರುಕು ಬಿಡುತ್ತಿರುವುದನ್ನು ಕಂಡೂ ಪೂಜೆ ಸಾಂಗವಾಗಿ ನಡೆಯುತ್ತಿದೆಯೆಂದು ಸಮಾಧಾನಪಡುವುದು ಯುಕ್ತವಲ್ಲ.

ಕಾಯಕಕ್ಕೆ ಒಂದು ಅಳತೆಯೂ ಉಂಟೆಂಬುದು ಆಯ್ದಕ್ಕಿ ಲಕ್ಕಮ್ಮನ ಕಥೆಯಿಂದ ವಿದಿತವಾಗುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆ ತಾಯಿ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಆಸೆಯ ನಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುವುದು ರೂಢಿ. ಅದು ಸರಿಯೇ. ಆದರೆ ದುಡಿಮೆಗೂ ‘ಇಷ್ಟು ಸಾಕು’ ಎಂಬ ಎಲ್ಲೆಯಿದೆಯೆಂಬ ಅರ್ಥವೂ ಅದರಲ್ಲಿ ಅಡಗಿಲ್ಲವೆ?

ಮನ್ನಣೆಯ ಮಾತಂತೂ ಶರಣರ ಹೆಸರುಗಳಲ್ಲಿಯೇ ಇದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂಬಲ್ಲಿ ವೃತ್ತಿಯೇ ಬಿರುದಾಗಿದೆ. ಹಡಪದ ಅಪ್ಪಣ್ಣನ ವಿಷಯ ಇನ್ನೂ ಮನನೀಯವಾದುದು. ಎಲೆಯಡಿಕೆಯ ಸಂಚಿಯನ್ನು ಹಿಡಿದು ಬಸವಣ್ಣನ ಬಳಿ ಸದಾ ಇರುತ್ತಿದ್ದ ಪರಿಚಾರಕನಾತ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆತನದು ಜವಾನನ ಕೆಲಸ. ಆದರೆ ಆತನು ವಚನಕಾರನಾದನು. ಆತನ ಮಡದಿ ಲಿಂಗಮ್ಮನೂ ವಚನಕಾರ್ತಿಯಾದಳು. ಶರಣರ ಗೋಷ್ಠಿಯಲ್ಲಿ ಇತರರಿಗೆ ಸಮನಾದ ಸ್ಥಾನ ಆತನಿಗೆ ದೊರೆಯಿತು. ಇಂದು ಎಷ್ಟು ಕಚೇರಿಗಳಲ್ಲಿ ಜವಾನನಿಗೆ ಕುಳಿತುಕೊಳ್ಳಲು ಒಂದು ಕುರ್ಚಿಯಿದೆ? ಎಷ್ಟು ಸಭೆಗಳಲ್ಲಿ ಅವನ ಅಭಿಪ್ರಾಯವನ್ನು ಕೇಳುವ ಪದ್ಧತಿಯಿದೆ?

ಕುರ್ಚಿಯ ಮಾತು ಸಣ್ಣದೆಂದು ತೋರಬಹುದು. ನೆರೆಯ ಕೇರಳದಲ್ಲಿ ಅದೇ ದೊಡ್ಡ ಹೋರಾಟಕ್ಕೆ ಕಾರಣವಾಯಿತು. ಅಂಗಡಿಗಳಲ್ಲಿ ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕಿಗಾಗಿ ಕಲ್ಲಿಕೋಟೆಯ ಹೆಣ್ಣುಮಕ್ಕಳು ಆರಂಭಿಸಿದ ಚಳವಳಿಯ ಫಲವಾಗಿ ಆ ರಾಜ್ಯವು 2018ರಲ್ಲಿ ತನ್ನ ಕಾನೂನನ್ನೇ ತಿದ್ದಿತು; 2021ರಲ್ಲಿ ತಮಿಳುನಾಡು ಅದೇ ದಾರಿಯನ್ನು ಹಿಡಿಯಿತು. ಹಾಗೆ ನೋಡಿದರೆ ಈ ವಿವೇಕವು ದೇಶದ ಕಾನೂನಿಗೆ ಅಪರಿಚಿತವೇನೂ ಆಗಿರಲಿಲ್ಲ. 1948ರ ಕಾರ್ಖಾನೆಗಳ ಅಧಿನಿಯಮವು ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ, ನಿಂತು ಕೆಲಸ ಮಾಡುವವರಿಗೆ ಆಸನ, ವಾರಕ್ಕೊಂದು ರಜೆ, ಐದು ಗಂಟೆಗಳ ದುಡಿಮೆಯಾಗುವಷ್ಟರಲ್ಲಿ ಅರ್ಧ ಗಂಟೆಯ ವಿರಾಮ ಇವೆಲ್ಲವನ್ನೂ ವಿಧಿಸಿತ್ತು. ಚಿಕ್ಕಮಗಳೂರಿನ ಕಾಫಿ ತೋಟಗಳ ಕಾರ್ಮಿಕರಿಗೂ ಅನ್ವಯವಾಗುವಂತೆ 1951ರ ತೋಟ ಕಾರ್ಮಿಕರ ಅಧಿನಿಯಮವು ವಸತಿ, ವೈದ್ಯಕೀಯ ಸೌಲಭ್ಯ, ಶಿಶುವಿಹಾರಗಳನ್ನು ಮಾಲಿಕರ ಕರ್ತವ್ಯವೆಂದು ಸಾರಿತು. 2020ರಲ್ಲಿ ಸಂಸತ್ತು ಇಂತಹ ಹಲವು ಕಾನೂನುಗಳನ್ನು ಒಂದುಗೂಡಿಸಿ ಸಂಹಿತೆಯೊಂದನ್ನು ರಚಿಸಿದೆ. ಹೊರೆಯ ವಿಷಯದಲ್ಲಿಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಷ್ಟು ಹಿಂದೆಯೇ, ವಯಸ್ಕ ಗಂಡಾಳು ಹೊರಬಹುದಾದ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತ್ತು. ಕಾನೂನಿನ ಕೊರತೆಗಿಂತ ಕಣ್ಣಿನ ಕೊರತೆಯೇ ದೊಡ್ಡದು. ದುಡಿಯುವವನ ಕಷ್ಟ ಕಣ್ಣಿಗೆ ಬಿದ್ದರಲ್ಲವೆ ಕಾನೂನಿನ ನೆನಪಾಗುವುದು!

ದೇಹದ ಆರೋಗ್ಯದಷ್ಟೇ ಮನಸ್ಸಿನ ಸ್ಥೈರ್ಯವೂ ಮುಖ್ಯ. ಮನುಷ್ಯನು ಕೂಲಿಯ ಕೊರತೆಯನ್ನು ಸಹಿಸಿಯಾನು, ಅವಮಾನವನ್ನು ಸಹಿಸಲಾರನು. ಕೋಲಾರದ ಚಿನ್ನದ ಗಣಿಯಲ್ಲಿ 1930ರಲ್ಲಿ ನಡೆದ ದೊಡ್ಡ ಮುಷ್ಕರ ಇದಕ್ಕೆ ಸಾಕ್ಷಿ. ಕಾರ್ಮಿಕರೆಲ್ಲರ ಬೆರಳ ಗುರುತನ್ನು ಪಡೆದು ದಾಖಲಿಸಬೇಕೆಂದು ಆಡಳಿತವು ವಿಧಿಸಿದಾಗ, ತಮ್ಮನ್ನು ಅಪರಾಧಿಗಳಂತೆ ನಡೆಸಿಕೊಳ್ಳಲಾಗುತ್ತಿದೆಯೆಂದು ನೊಂದು ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ನೆಲದಾಳದ ಕಾವನ್ನೂ ಧೂಳನ್ನೂ ತಾಳಿಕೊಂಡಿದ್ದವರು ಒಂದು ಹೆಬ್ಬೆಟ್ಟಿನ ಗುರುತಿಗೆ ಸಿಡಿದೆದ್ದರು. ನಂಬಿಕೆಯಿಲ್ಲದ ಕಡೆ ನಿಷ್ಠೆಯನ್ನು ಬೇಡುವುದು ಬರಡು ಹಸುವಿನಲ್ಲಿ ಹಾಲನ್ನು ಬೇಡಿದಂತೆ.

ಅತಿದುಡಿಮೆಯ ಪರಿಣಾಮವೇನೆಂಬುದನ್ನು ಈಗ ಲೋಕವೇ ಲೆಕ್ಕ ಹಾಕಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ದುಡಿಯುವುದರಿಂದಾದ ಪಾರ್ಶ್ವವಾಯು ಹಾಗೂ ಹೃದ್ರೋಗಗಳಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 7 ಲಕ್ಷ 45 ಸಾವಿರ ಮಂದಿ ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಅಂದಾಜು ಮಾಡಿ ಪ್ರಕಟಿಸಿದವು. ಹೀಗಿದ್ದೂ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮಾತು 2023ರಲ್ಲಿ ಬೆಂಗಳೂರಿನಿಂದ ಹೊರಟು ದೇಶವ್ಯಾಪಿ ಚರ್ಚೆಗೆ ಎಡೆಮಾಡಿತು. ಮರುವರ್ಷ ರಾಜ್ಯದಲ್ಲಿ ಮಾಹಿತಿ ತಂತ್ರಜ್ಞಾನ ಕ್ಷೇತ್ರದ ದುಡಿಮೆಯ ಅವಧಿಯನ್ನು ಹೆಚ್ಚಿಸುವ ಪ್ರಸ್ತಾಪ ಬಂದಾಗ ಉದ್ಯೋಗಿಗಳ ಸಂಘಟನೆಯು ಅದನ್ನು ಬಲವಾಗಿ ವಿರೋಧಿಸಿತು. ಆ ಕಚೇರಿಗಳಲ್ಲಿ ದುಡಿಯುವವರಲ್ಲಿ ಅಜ್ಜಂಪುರ, ಕಡೂರು, ತರೀಕೆರೆಗಳಂತಹ ಊರುಗಳ ಶಾಲೆಗಳಲ್ಲಿ ಓದಿ ಹೋದ ಮಕ್ಕಳೂ ಇದ್ದಾರೆ. ಹಬ್ಬಕ್ಕೆ ಊರಿಗೆ ಬಂದ ಮಗನು ಊಟದ ಎಲೆಯ ಮುಂದೆಯೂ ಫೋನನ್ನು ಕೆಳಗಿಡದಿದ್ದರೆ, ಹೆಗಲ ಮೇಲಿನ ನೊಗ ಮನೆಯವರೆಗೂ ಬಂದಿದೆಯೆಂದೇ ತಿಳಿಯಬೇಕು.

ಇಲ್ಲಿ ಕೆಲವರು ಆಕ್ಷೇಪವೆತ್ತುವುದುಂಟು. ಕಾರ್ಖಾನೆಯ ಮಾತು ಬೇರೆ, ಧಾರ್ಮಿಕ ಸಂಸ್ಥೆಗಳ ಮಾತು ಬೇರೆ; ಇಲ್ಲಿ ನಡೆಯುವುದು ನೌಕರಿಯಲ್ಲ, ಸೇವೆ; ಸೇವೆಯಲ್ಲಿ ಸುಖವನ್ನು ಅರಸಬಾರದು ಎಂಬುದು ಅವರ ವಾದ. ಸೇವಾಭಾವ ಶ್ರೇಷ್ಠವಾದುದೆಂಬುದು ನಿರ್ವಿವಾದ. ಆದರೆ ಸೇವೆಯೆಂಬುದು ಮಾಡುವವನು ತಾನಾಗಿ ಅರ್ಪಿಸತಕ್ಕದ್ದು. ಮಾಡಿಸಿಕೊಳ್ಳುವವನು ಬಲವಂತದಿಂದ ವಸೂಲು ಮಾಡತಕ್ಕದ್ದಲ್ಲ. ಪ್ರತಿ ತಿಂಗಳೂ ತಡವಾಗಿ ಕೈಸೇರುವ ಸಂಬಳಕ್ಕೆ ಸೇವೆಯೆಂಬ ಹೆಸರಿಟ್ಟ ಮಾತ್ರಕ್ಕೆ ಮನೆಯ ಒಲೆ ಉರಿಯದು. ಸೌಲಭ್ಯ ಹೆಚ್ಚಿದರೆ ಸೋಮಾರಿತನ ಹೆಚ್ಚುವುದೆಂಬುದು ಇನ್ನೊಂದು ಆಕ್ಷೇಪ. ಸೋಮವಾರ ವಿಶ್ರಮಿಸಿದ ಎತ್ತು ಮಂಗಳವಾರ ಉಳಲು ಮುಷ್ಕರ ಹೂಡಿದುದನ್ನು ಯಾವ ರೈತನೂ ಕಂಡಿಲ್ಲ! ಆಡಳಿತವರ್ಗಕ್ಕೂ ಸಿಬ್ಬಂದಿಗೂ ಪರಸ್ಪರ ವಿಶ್ವಾಸವಿಲ್ಲದ ಕಡೆಯಲ್ಲಿಯೇ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸ್ಥಿತಿ ಉಂಟಾಗುವುದು.

ಹಾಗೆಂದು ನೌಕರನಿಗೆ ಹೊಣೆಯೇ ಇಲ್ಲವೆಂದಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಚಹದ ಅಂಗಡಿಯಲ್ಲಿ ಹೊತ್ತು ಕಳೆಯುವವನೂ ಕಾಯಕಕ್ಕೆ ದ್ರೋಹ ಬಗೆದವನೇ. ತನ್ನ ಆರೋಗ್ಯವನ್ನು ತಂಬಾಕಿಗೂ ಮದ್ಯಕ್ಕೂ ಒಪ್ಪಿಸಿ ಸಂಸ್ಥೆಯನ್ನು ದೂರುವುದೂ ಸಲ್ಲದು. ಆದರೆ ಅಧಿಕಾರವಿರುವ ಕಡೆಯಿಂದಲೇ ಸುಧಾರಣೆ ಆರಂಭವಾಗಬೇಕೆಂಬುದು ನ್ಯಾಯ.

ಮಠಗಳ ಆಶ್ರಯದ ಶಾಲೆಗಳಿಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯಿದೆ. ಹಸಿದವರಿಗೆ ಅನ್ನ, ಅರಿಯದವರಿಗೆ ಅಕ್ಷರ ಎಂಬ ದಾಸೋಹದ ವ್ರತವನ್ನು ಹೊತ್ತ ಸಂಸ್ಥೆಗಳಿವು. 2002ರಲ್ಲಿ ರಾಜ್ಯ ಸರ್ಕಾರವು ಬಿಸಿಯೂಟದ ಯೋಜನೆಯನ್ನು ಆರಂಭಿಸಿದಾಗ ‘ಅಕ್ಷರ ದಾಸೋಹ’ ಎಂಬ ಹೆಸರನ್ನು ಎರವಲು ಪಡೆದುದು ಈ ಪರಂಪರೆಯಿಂದಲೇ. ಆದರೆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಕುದಿಯುವ ಸಾರಿನ ಪಾತ್ರೆಯನ್ನು ಇಬ್ಬರೇ ಹಿಡಿದಿಳಿಸುತ್ತ, ನೂರಾರು ಮಕ್ಕಳಿಗೆ ಬಡಿಸಿದ ಮೇಲೆ ತಾವು ಉಣ್ಣುವ ಅಡುಗೆಯ ಹೆಣ್ಣುಮಕ್ಕಳಿಗೆ ದೊರೆಯುವುದು ಸಂಬಳವಲ್ಲ, ಅಲ್ಪ ಗೌರವಧನ. ಆ ಪದದಲ್ಲಿರುವ ಗೌರವವಾದರೂ ಅವರಿಗೆ ಪೂರ್ತಿಯಾಗಿ ಸಲ್ಲಬೇಡವೆ? ದಾಸೋಹದ ಎಲೆ ಎಲ್ಲರಿಗೂ ಹಾಸಿರುವಾಗ ಬಡಿಸುವವರ ಎಲೆ ಬರಿದಾಗಿರಬಾರದು.

ಮಾಡತಕ್ಕ ಕೆಲಸಗಳು ದುಬಾರಿಯಾದುವೇನಲ್ಲ. ಅಡುಗೆಮನೆಗೆ ಹೊಗೆ ಹೋಗುವ ದಾರಿ ಮತ್ತು ಸುಟ್ಟಗಾಯಕ್ಕೆ ಔಷಧಿಯ ಪೆಟ್ಟಿಗೆ, ಶಿಕ್ಷಕಿಯರಿಗೆ ನೀರಿನ ಸೌಕರ್ಯವುಳ್ಳ, ಬಾಗಿಲು ಭದ್ರವಾಗಿರುವ ಶೌಚಾಲಯ, ಜವಾನನಿಗೊಂದು ಆಸನ, ವರ್ಷಕ್ಕೊಮ್ಮೆ ಎಲ್ಲ ಸಿಬ್ಬಂದಿಗೂ ರಕ್ತದೊತ್ತಡ, ಸಕ್ಕರೆ, ಕಣ್ಣುಗಳ ತಪಾಸಣೆ, ಹೇಳಿದ ದಿನಕ್ಕೆ ಸಂಬಳ, ತಿಂಗಳಿಗೊಮ್ಮೆ ಮುಖ್ಯೋಪಾಧ್ಯಾಯರಿಂದ ಕಸಗುಡಿಸುವವಳವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಕಷ್ಟಸುಖ ಹೇಳಿಕೊಳ್ಳುವ ಒಂದು ಗೋಷ್ಠಿ. ಶೌಚಾಲಯಕ್ಕೆ ಅಂಜಿ ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದ ಶಿಕ್ಷಕಿಯು ಮಕ್ಕಳಿಗೆ ಆರೋಗ್ಯಶಾಸ್ತ್ರವನ್ನು ಬೋಧಿಸಬೇಕಾದುದು ಎಂತಹ ವಿಪರ್ಯಾಸ!

ಮಕ್ಕಳು ಪುಸ್ತಕದಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಕಣ್ಣಿಂದ ಕಲಿಯುವರು. ಶಾಲೆಯ ಗಂಟೆ ಬಾರಿಸುವವನನ್ನು ಹಿರಿಯರು ಏಕವಚನದಲ್ಲಿ ಗದರುವುದನ್ನು ಕಂಡು ಬೆಳೆದ ಬಾಲಕನು ನಾಳೆ ಅಧಿಕಾರಿಯಾದಾಗ ತನ್ನ ಕೈಕೆಳಗಿನವರನ್ನು ಹಾಗೆಯೇ ಗದರುವನು. ‘ಅಣ್ಣ’ ಎಂದು ಕರೆದು, ಕೂರಿಸಿ, ಊಟವಾಯಿತೆ ಎಂದು ಕೇಳುವುದನ್ನು ಕಂಡವನು ಅದನ್ನೇ ಅನುಸರಿಸುವನು. ಕಾಯಕದ ಪಾಠವನ್ನು ಬೋಧಿಸುವ ಶಾಲೆಯು ಮೊದಲು ತನ್ನ ಅಂಗಳದಲ್ಲಿ ದುಡಿಯುವ ಕಾಯಗಳ ಯೋಗಕ್ಷೇಮವನ್ನು ನೋಡಿಕೊಂಡರೆ, ಆ ಪಾಠಕ್ಕೆ ಬೇರೆ ವ್ಯಾಖ್ಯಾನವೇ ಬೇಕಾಗದು. ಎತ್ತಿಗೆ ಸೋಮವಾರವನ್ನು ಕೊಟ್ಟ ನೆಲವು ಮನುಷ್ಯನಿಗೂ ಅದನ್ನು ಕೊಡಲಿ. ದುಡಿಯುವ ಎಲ್ಲ ಜೀವಗಳಿಗೂ ಲೇಸಾಗಲಿ.