ಓದಲೊಲ್ಲದವನಿಗೆ ಒಂದು ಪುಸ್ತಕ

“ಈ ಹುಡುಗನಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ” ಎಂದು ಹಿರಿಯರು ಹಳಿಯುವುದುಂಟು. ದೋಷವಿರುವುದು ಹುಡುಗನಲ್ಲಿಯೋ, ಅವನ ಕೈಗಿತ್ತ ಪುಸ್ತಕದಲ್ಲಿಯೋ ಎಂದು ವಿಚಾರಿಸುವವರು ವಿರಳ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕವು ದೊರೆಯಬೇಕೆಂಬುದನ್ನು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಒಂದು ಸೂತ್ರವನ್ನಾಗಿ ಸಾರಿದರು.

ಆ ಪುಸ್ತಕವನ್ನು ಹುಡುಕುವುದೆಲ್ಲಿ? ಹುಡುಗನು ಈಗಾಗಲೇ ಬಲ್ಲ ಸಂಗತಿಯ ಪಕ್ಕದಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಬಾಲಕನು ಅಕ್ಷರ ಕಲಿಯುವ ಮೊದಲೇ ಹಾಸು, ಹೊಕ್ಕು, ಲಾಳಿಗಳನ್ನು ಕಂಡಿರುತ್ತಾನೆ. ಫ್ರಾನ್ಸಿನ ಜಕಾರ್ಡನು 1804ರಲ್ಲಿ ತೂತು ಕೊರೆದ ರಟ್ಟುಗಳಿಂದ ಮಗ್ಗಕ್ಕೆ ಚಿತ್ತಾರ ನೇಯುವುದನ್ನು ಕಲಿಸಿದನು: ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುವುದು, ಇಲ್ಲದಲ್ಲಿ ಕೆಳಗುಳಿಯುವುದು. ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣಕಯಂತ್ರದ ಯೋಜನೆಗೆ ಅಂಥ ರಟ್ಟುಗಳನ್ನೇ ಆರಿಸಿಕೊಂಡನು. ಗಣಕದ ಚರಿತ್ರೆಯನ್ನು ಇಲ್ಲಿಂದ ಆರಂಭಿಸುವ ಪುಸ್ತಕವು ಆ ಬಾಲಕನಿಗೆ ಮನೆಯ ಸುದ್ದಿಯಂತೆ ರುಚಿಸದಿರದು.

ಹಾಗೆಯೇ ಮುಧೋಳದ ಬೇಟೆನಾಯಿಯನ್ನು ಸಾಕಿದವನಿಗೆ ತಳಿ ಹಾಗೂ ಆನುವಂಶಿಕತೆಯ ಪುಸ್ತಕ. ಜಮಖಂಡಿಯ ಕಬ್ಬಿನ ಹೊಲದವನಿಗೆ ಸಸ್ಯಲೋಕವನ್ನು ಕುರಿತ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’; ಆಲಮಟ್ಟಿಯ ಹಿನ್ನೀರನ್ನು ಕಂಡು ಬೆಳೆದ ಬೀಳಗಿಯವನಿಗೆ ನದಿ, ಅಣೆಕಟ್ಟುಗಳ ವಿಚಾರ. ಇದರಿಂದ ಓದು ಊರಿನ ಎಲ್ಲೆಯಲ್ಲಿಯೇ ನಿಂತೀತೆಂಬ ಶಂಕೆ ಬೇಡ. ಹೊಸಿಲು ಮನೆಯದಾದರೂ ದಾರಿ ದೂರಕ್ಕೆ ಸಾಗುತ್ತದೆ.

ವಿದ್ಯಾರ್ಥಿಗಳೇ, ಓದಲೊಲ್ಲದ ಗೆಳೆಯನನ್ನು ಉಪಾಧ್ಯಾಯರಿಗಿಂತ ನೀವು ಹೆಚ್ಚು ಬಲ್ಲಿರಿ. ಅವನಿಗೆ ಉಪದೇಶ ಬೇಡ. ಅವನು ಯಾವುದನ್ನು ಕಣ್ಣು ಕೀಳದೆ ನೋಡುತ್ತಾನೆ, ಯಾವುದನ್ನು ಬಿಚ್ಚಿ ಜೋಡಿಸುತ್ತಾನೆ ಎಂಬುದನ್ನು ಗಮನಿಸಿರಿ. ಅದಕ್ಕೊಪ್ಪುವ ಪುಸ್ತಕದ ಒಂದೇ ಅಧ್ಯಾಯವನ್ನು ತೋರಿಸಿರಿ. ಹಿಡಿಸದಿದ್ದರೆ ಇನ್ನೊಂದನ್ನು ತನ್ನಿರಿ. ಸೋಮಾರಿಯೆಂಬ ಹೆಸರು ಒಮ್ಮೆ ಅಂಟಿತೆಂದರೆ, ಒಬ್ಬ ಓದುಗನನ್ನು ನಾವು ಶಾಶ್ವತವಾಗಿ ಕಳೆದುಕೊಂಡೇವು.